ಕೆರೆ ಯಾರದು, ಮೀನು ಯಾರದು? ‘ಖಾಸಗಿ’ ಕೆರೆಗಳಲ್ಲಿ ಗಾಳ ಹಾಕುವವರಿಗೆ ಕಾನೂನು ಹೇಳುವುದೇನು

ರಜಾದಿನಗಳಲ್ಲಿ ಗಾಳ ಹಿಡಿದು ನಗರದ ಹೊರವಲಯದ ಕೆರೆಗಳತ್ತ ಹೊರಡುವ ಹವ್ಯಾಸಿಗಳಿಗೆ ಒಂದು ಅನುಭವ ಹೊಸದಲ್ಲ. ಏರಿಯ ಮೇಲೆ ಕುಳಿತು ಎರೆಹುಳು ಪೋಣಿಸುವಷ್ಟರಲ್ಲಿ ಯಾರಾದರೊಬ್ಬರು ಬಂದು, ‘ಇದು ಖಾಸಗಿ ಕೆರೆ, ಇಲ್ಲಿ ಮೀನು ಹಿಡಿಯುವಂತಿಲ್ಲ’ ಎನ್ನುತ್ತಾರೆ. ಕೆಲವೆಡೆ ತಂತಿಬೇಲಿಯೂ ಫಲಕವೂ ಇರುತ್ತವೆ. ಇನ್ನು ಕೆಲವೆಡೆ ಬಡಾವಣೆಯ ಕಾವಲುಗಾರನೇ ಫಲಕದ ಕೆಲಸ ಮಾಡುತ್ತಾನೆ. ಬಂದವರು ಗಾಳ ಸುತ್ತಿಕೊಂಡು ಹಿಂದಿರುಗುತ್ತಾರೆ, ಇಲ್ಲವೇ ‘ಕೆರೆ ಸರ್ಕಾರದ್ದು, ಕೇಳಲು ನೀವ್ಯಾರು’ ಎಂದು ಜಗಳಕ್ಕೆ ನಿಲ್ಲುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಈ ಎರಡೂ ಪ್ರತಿಕ್ರಿಯೆಗಳು ತಪ್ಪಾಗಿರುವ ಸಾಧ್ಯತೆ ಉಂಟು.

ತಡೆಯಲು ಬಂದಾತ ಮೂವರಲ್ಲಿ ಒಬ್ಬನಾಗಿರಬಹುದು: ನಿಜವಾದ ಜಮೀನುದಾರ, ಮೀನಿನ ಗುತ್ತಿಗೆ ಪಡೆದವನು ಅಥವಾ ಕೆರೆಯನ್ನು ಒತ್ತುವರಿ ಮಾಡಿಕೊಂಡವನು. ಮೊದಲಿನ ಇಬ್ಬರಿಗೆ ತಡೆಯುವ ಹಕ್ಕಿದೆ, ಮೂರನೆಯವನಿಗಿಲ್ಲ. ಆದರೆ ಒತ್ತುವರಿದಾರನಿಗೆ ತಡೆಯುವ ಹಕ್ಕಿಲ್ಲವೆಂದ ಮಾತ್ರಕ್ಕೆ ಗಾಳದವನಿಗೆ ಹಿಡಿಯುವ ಹಕ್ಕು ಬಂದುಬಿಡುವುದಿಲ್ಲ. ಕೆರೆಯ ಒಡೆತನ ಒಂದು ಪ್ರಶ್ನೆ, ಅದರಲ್ಲಿರುವ ಮೀನಿನ ಹಕ್ಕು ಇನ್ನೊಂದು ಪ್ರಶ್ನೆ. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಕೆರೆಯಂಗಳದ ವಾಗ್ವಾದಗಳು ಠಾಣೆಯ ಮೆಟ್ಟಿಲೇರುತ್ತವೆ.

ಕೆರೆ ಖಾಸಗಿಯಾಗಿರಲು ಸಾಧ್ಯವೇ?

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಈ ವಿಷಯದ ತಾಯಿಬೇರು. ರಸ್ತೆ, ಓಣಿ, ನದಿ, ಹಳ್ಳ, ಕೆರೆ, ಕಾಲುವೆಗಳ ಪಾತ್ರ ಹಾಗೂ ನಿಂತ ಮತ್ತು ಹರಿಯುವ ಎಲ್ಲ ನೀರು ರಾಜ್ಯ ಸರ್ಕಾರದ ಸ್ವತ್ತು ಎಂದು ಅದು ಸಾರುತ್ತದೆ. ಜೊತೆಗೆ ಒಂದು ವಿನಾಯಿತಿಯನ್ನೂ ಇರಿಸುತ್ತದೆ. ವ್ಯಕ್ತಿಗಳ ಸ್ವತ್ತಾಗಿರುವುದು ಹಾಗೂ ಅವರು ತಮ್ಮ ಹಕ್ಕನ್ನು ಸ್ಥಾಪಿಸಿ ತೋರಿಸಿದಷ್ಟರ ಮಟ್ಟಿನದು ಈ ಘೋಷಣೆಯಿಂದ ಹೊರಗುಳಿಯುತ್ತವೆ. ಎಂದರೆ ಖಾಸಗಿ ಕೆರೆ ಎಂಬುದು ಅಸಾಧ್ಯವೇನಲ್ಲ. ಆದರೆ ಕೆರೆ ತನ್ನದೆನ್ನುವವನು ಅದನ್ನು ಸಾಬೀತುಪಡಿಸಬೇಕು. ಸರ್ಕಾರದ ವಿರುದ್ಧ ಅಂಥ ಹಕ್ಕು ಮಂಡಿತವಾದಾಗ ವಿಧಿವತ್ತಾದ ವಿಚಾರಣೆ ನಡೆಸಿ ತೀರ್ಮಾನಿಸುವ ಅಧಿಕಾರವನ್ನು ಅದೇ ಕಲಮಿನ ಎರಡನೇ ಉಪಕಲಂ ಜಿಲ್ಲಾಧಿಕಾರಿಗೆ ನೀಡಿದೆ.

ಕೆರೆಯ ಮೇಲೆ ಹಕ್ಕು ಸಾಧಿಸುವವರು ಸಾಮಾನ್ಯವಾಗಿ ಮುಂದಿಡುವುದು ಹಳೆಯ ಇನಾಂ ದಾಖಲೆಗಳನ್ನು. ‘ಊರೇ ನಮ್ಮ ಮುತ್ತಜ್ಜನಿಗೆ ಜೋಡಿ ಇನಾಮಾಗಿ ಬಂದದ್ದು, ಕೆರೆಯೂ ಅದರಲ್ಲೇ ಸೇರಿತ್ತು’ ಎಂಬುದು ವಾದ. ಹಳೆಯ ಮೈಸೂರು ಸೀಮೆಯಲ್ಲಿ ಇಂಥ ಕಾಗದಗಳು ಹಲವು ಮನೆಗಳಲ್ಲಿವೆ, ಅವು ಸುಳ್ಳಲ್ಲದಿರಬಹುದು. ಆದರೆ 1954ರ ಮೈಸೂರು ವೈಯಕ್ತಿಕ ಮತ್ತು ಸಂಕೀರ್ಣ ಇನಾಂ ರದ್ದತಿ ಕಾಯ್ದೆ ಅವುಗಳ ಬಲವನ್ನು ಕಿತ್ತುಹಾಕಿತು. ಇನಾಂದಾರನಿಗಿದ್ದ ಹಕ್ಕುಗಳು, ಅವುಗಳಲ್ಲಿ ಗೋಮಾಳ, ಅರಣ್ಯ, ಹಳ್ಳಕೊಳ್ಳ, ಕೆರೆ ಮತ್ತು ನೀರಾವರಿ ಕಾಮಗಾರಿಗಳಷ್ಟೇ ಅಲ್ಲದೆ ಮೀನುಗಾರಿಕೆಯ ಹಕ್ಕು ಸಹ, ಋಣಭಾರಗಳಿಂದ ಮುಕ್ತವಾಗಿ ರಾಜ್ಯಕ್ಕೆ ಸೇರಿದವು. ಕಾಯ್ದೆ ಮೀನುಗಾರಿಕೆಯನ್ನು ಹೆಸರಿಟ್ಟು ಹೇಳಿರುವುದು ಗಮನಾರ್ಹ. ಕೆರೆ ಹೋದರೂ ಮೀನು ಉಳಿಯಿತೆಂದು ವಾದಿಸುವವರಿಗೆ ಅಲ್ಲಿ ಜಾಗವಿಲ್ಲ. ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳಿಗೆ 1955ರಲ್ಲಿ ಪ್ರತ್ಯೇಕ ಕಾಯ್ದೆ ಬಂತು.

ಎರಡನೆಯ ವಾದ ಪಹಣಿಯದು. ‘ಸರ್ವೆ ನಂಬರು ನನ್ನ ಹೆಸರಿನಲ್ಲಿದೆ, ಕೆರೆ ಅದರೊಳಗಿದೆ, ಆದ್ದರಿಂದ ಕೆರೆ ನನ್ನದು.’ ಇದು ಮೊದಲಿನದಕ್ಕಿಂತ ಗಟ್ಟಿಯಾಗಿ ಕೇಳಿಸುತ್ತದೆ. ಹಕ್ಕು ದಾಖಲೆಯ ನಮೂದು ವಿರುದ್ಧ ಪುರಾವೆ ಬರುವವರೆಗೆ ಸತ್ಯವೆಂದು ಭೂಕಂದಾಯ ಕಾಯ್ದೆಯ 133ನೇ ಕಲಂ ಹೇಳುವುದೂ ಹೌದು. ಆದರೆ ಪಹಣಿಯಲ್ಲಿ ಮಾಲೀಕನ ಹೆಸರಿರುವ 9ನೇ ಕಾಲಂ ಒಂದನ್ನೇ ನೋಡಿದರೆ ಸಾಲದು, ಖರಾಬಿನ ವಿಸ್ತೀರ್ಣವನ್ನೂ ನೋಡಬೇಕು. ಸಾಗುವಳಿಗೆ ಯೋಗ್ಯವಲ್ಲದ ಖರಾಬು ಭೂಮಿಯನ್ನು 1966ರ ಭೂಕಂದಾಯ ನಿಯಮಗಳು ‘ಎ’ ಮತ್ತು ‘ಬಿ’ ಎಂದು ಎರಡಾಗಿ ವಿಂಗಡಿಸಿವೆ. ಕಲ್ಲುಬಂಡೆ, ಕಣ, ಜಮೀನಿನ ಮನೆ ಇತ್ಯಾದಿಗಳಿರುವ ಜಾಗ ‘ಎ’. ಸಾರ್ವಜನಿಕ ರಸ್ತೆ, ಕಾಲುದಾರಿ, ಸ್ಮಶಾನಗಳು ‘ಬಿ’. ಕೆರೆ ಮತ್ತು ಹಳ್ಳಗಳ ವಿಷಯದಲ್ಲಿ ನಿಯಮ ಒಂದು ಸೊಗಸಾದ ಅಳತೆಗೋಲನ್ನು ಕೊಟ್ಟಿದೆ: ಹಿಡುವಳಿದಾರನಲ್ಲದ ಇತರರು ನೀರಾವರಿಗೆ, ಕುಡಿಯಲು ಅಥವಾ ಮನೆಬಳಕೆಗೆ ಉಪಯೋಗಿಸುವಂಥ ಕೆರೆಯಾಗಿದ್ದರೆ ಅದು ‘ಬಿ’ ಖರಾಬು.

ನೀರು ಯಾರ ಗದ್ದೆಗೆ ಹರಿಯುತ್ತದೆ ಎಂಬುದೇ ಇಲ್ಲಿ ನಿರ್ಣಾಯಕ. ಖಾಸಗಿ ಸರ್ವೆ ನಂಬರಿನ ನಡುವೆಯೇ ಇದ್ದರೂ, ತೂಬಿನಿಂದ ಹತ್ತು ಮನೆಯವರ ಗದ್ದೆಗೆ ನೀರು ಹೋಗುವ ಕಟ್ಟೆ ಆ ಜಮೀನುದಾರನ ಸ್ವಂತದ್ದಾಗುವುದಿಲ್ಲ. ಕೊಡಗಿನ ಅಥವಾ ಮೂಡಿಗೆರೆಯ ಕಾಫಿ ತೋಟದ ಮಾಲೀಕ ಬೇಸಿಗೆಯಲ್ಲಿ ಗಿಡಗಳಿಗೆ ನೀರು ಚಿಮ್ಮಿಸಲೆಂದು ತನ್ನ ತೋಟದೊಳಗೇ ತೋಡಿಸಿಕೊಂಡ ಕೆರೆ ಬೇರೆ. ಅದು ಅವನದೇ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಡಿ ಒಣಭೂಮಿಯ ರೈತರು ಸರ್ಕಾರದ ಸಹಾಯಧನ ಪಡೆದು ತೋಡಿಕೊಂಡ ಕೃಷಿ ಹೊಂಡಗಳೂ ಹಾಗೆಯೇ. ಸಹಾಯಧನ ಸರ್ಕಾರದ್ದೆಂದು ಹೊಂಡ ಸಾರ್ವಜನಿಕವಾಗುವುದಿಲ್ಲ.

ಮೀನಿನ ಹಕ್ಕು ಎಂಬ ಸ್ಥಿರಾಸ್ತಿ

ನೀರಿನಲ್ಲಿ ಈಜುವ ಮೀನನ್ನು ಸ್ಥಿರಾಸ್ತಿಯೊಂದಿಗೆ ಹೋಲಿಸುವುದು ಮೊದಲ ನೋಟಕ್ಕೆ ತಮಾಷೆಯಾಗಿ ಕಾಣಬಹುದು. ಸುಪ್ರೀಂ ಕೋರ್ಟ್ ಹಾಗೆ ಹೇಳಿದ್ದು ಮಾತ್ರ ಗಂಭೀರವಾಗಿಯೇ. ಆನಂದ ಬೆಹೆರಾ ವಿರುದ್ಧ ಒರಿಸ್ಸಾ ರಾಜ್ಯ ಎಂಬ ಪ್ರಕರಣದಲ್ಲಿ, ಚಿಲಿಕಾ ಸರೋವರದ ಕೆಲವು ಭಾಗಗಳಲ್ಲಿ ಮೀನು ಹಿಡಿಯುವ ಅನುಮತಿಯನ್ನು ಅರ್ಜಿದಾರರು ಪಾರಿಕುದ್‌ನ ರಾಜನಿಂದ ಹಣ ಕೊಟ್ಟು ಬಾಯಿಮಾತಿನಲ್ಲಿ ಪಡೆದಿದ್ದರು. ಅನುಮತಿಯ ವರ್ಷಗಳು ಬರುವ ಮುನ್ನವೇ ಒರಿಸ್ಸಾದ ಜಮೀನ್ದಾರಿ ರದ್ದತಿ ಕಾಯ್ದೆಯಡಿ ರಾಜನ ಎಸ್ಟೇಟು ಸರ್ಕಾರಕ್ಕೆ ಸೇರಿತು. ಸರ್ಕಾರ ಆ ಅನುಮತಿಗಳಿಗೆ ಮನ್ನಣೆ ನೀಡಲಿಲ್ಲ. ತಾವು ಕೊಂಡದ್ದು ಬರಲಿರುವ ಮೀನನ್ನು, ಅದು ಚರಾಸ್ತಿ, ಅದಕ್ಕೆ ಪತ್ರದ ಅಗತ್ಯವೇ ಇಲ್ಲ ಎಂಬುದು ಮೀನುಗಾರರ ವಾದವಾಗಿತ್ತು.

1955ರ ಅಕ್ಟೋಬರಿನಲ್ಲಿ ತೀರ್ಪಿತ್ತ ನ್ಯಾಯಮೂರ್ತಿ ವಿವಿಯನ್ ಬೋಸ್ ಅವರ ಪೀಠ ಇದನ್ನು ಒಪ್ಪಲಿಲ್ಲ. ಇನ್ನೊಬ್ಬನ ಭೂಮಿಯ ಮೇಲೆ ಬಂದು, ಅಲ್ಲಿನ ನೀರಿನಿಂದ ಮೀನು ಹಿಡಿದು ಒಯ್ಯುವ ಹಕ್ಕು ಭೂಮಿಯಿಂದ ಉದ್ಭವಿಸುವ ಲಾಭ. ಇಂಗ್ಲಿಷ್ ಕಾನೂನು ಇದನ್ನೇ ‘ಪ್ರಾಫಿಟ್ ಆ ಪ್ರಾಂದ್ರ್’ ಎನ್ನುತ್ತದೆ. ಭಾರತದ ಕಾನೂನಿನಲ್ಲಿ ಅದು ಸ್ಥಿರಾಸ್ತಿಯ ವರ್ಗಕ್ಕೆ ಸೇರುತ್ತದೆ. ಆದಕಾರಣ ಬರವಣಿಗೆಯೂ ನೋಂದಣಿಯೂ ಇಲ್ಲದ ಬಾಯಿಮಾತಿನ ಮಾರಾಟದಿಂದ ಹಕ್ಕು ಹುಟ್ಟುವುದಿಲ್ಲ. ಕೈಬಿಟ್ಟ ಹಣದ ದೃಷ್ಟಿಯಿಂದ ಮೀನುಗಾರರಿಗೆ ಕಹಿಯಾದ ತೀರ್ಪು ಇದು.

ಗಾಳ ಹಾಕುವ ಹವ್ಯಾಸಿಗೆ ಈ ತೀರ್ಪು ಎರಡು ರೀತಿಯಲ್ಲಿ ಸಂಬಂಧಿಸಿದೆ. ಒಂದು, ಮೀನು ಹಿಡಿಯುವ ಹಕ್ಕನ್ನು ಕೆರೆಯ ಪಾತ್ರದಿಂದ ಬೇರ್ಪಡಿಸಿ ಬೇರೊಬ್ಬನಿಗೆ ಕೊಡಬಹುದು. ಭೂಮಿ ಒಬ್ಬನದು, ನೀರು ಅಚ್ಚುಕಟ್ಟಿನ ರೈತರದು, ಮೀನು ಮತ್ತೊಬ್ಬನದು ಎಂಬ ವ್ಯವಸ್ಥೆ ಕಾನೂನಿಗೆ ಸಮ್ಮತ. ಇನ್ನೊಂದು, ‘ಹೋದ ವರ್ಷ ಗೌಡರು ಹಿಡಿದುಕೊಳ್ಳಿ ಎಂದಿದ್ದರು’ ಎಂಬುದರಿಂದ ಗಾಳದವನಿಗೆ ಹಕ್ಕೇನೂ ಬರುವುದಿಲ್ಲ. ಅದು ಆ ದಿನದ ಅನುಮತಿ ಅಷ್ಟೇ. ಕೊಟ್ಟವರು ಹಿಂತೆಗೆದುಕೊಂಡರೆ ಮುಗಿಯಿತು.

ಖಾಸಗಿ ನೀರು ಎಂದರೇನೆಂಬುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ವ್ಯಾಖ್ಯಾನಿಸಿತ್ತು. ಒಬ್ಬನ ಪ್ರತ್ಯೇಕ ಸ್ವತ್ತಾಗಿರುವ ನೀರು, ಅಥವಾ ಮಾಲೀಕನಾಗಿಯೋ ಗುತ್ತಿಗೆದಾರನಾಗಿಯೋ ಒಬ್ಬನಿಗೆ ಪ್ರತ್ಯೇಕ ಮೀನುಗಾರಿಕೆ ಹಕ್ಕು ಇರುವ ನೀರು ಖಾಸಗಿ ನೀರು. ರೂಢಿಯ ಮೇರೆಗೆ ಇತರರೂ ಅಲ್ಲಿ ಮೀನು ಹಿಡಿಯುತ್ತಾರೆಂಬ ಒಂದೇ ಕಾರಣಕ್ಕೆ ಅದು ಖಾಸಗಿಯಲ್ಲದಂತೆ ಆಗುವುದಿಲ್ಲ ಎಂಬ ವಿವರಣೆಯನ್ನೂ ಆ ಕಾಯ್ದೆ ಸೇರಿಸಿತ್ತು. ಈ ವ್ಯಾಖ್ಯೆಯಂತೆ ಸರ್ಕಾರದ ಕೆರೆಯೂ ಮೀನಿನ ಮಟ್ಟಿಗೆ ‘ಖಾಸಗಿ’ ಆಗಬಲ್ಲದು. ಗುತ್ತಿಗೆ ಕೊಟ್ಟರೆ ಸಾಕು.

ಕರ್ನಾಟಕದಲ್ಲಿ ಬಹುಪಾಲು ನಡೆಯುವುದು ಇದೇ. ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕ. ಸ್ಥೂಲವಾಗಿ ಹೇಳುವುದಾದರೆ, ಸಣ್ಣ ಕೆರೆಗಳ ಮೀನುಪಾಶುವಾರು ಹಕ್ಕನ್ನು ಗ್ರಾಮ ಪಂಚಾಯಿತಿಗಳು, ದೊಡ್ಡ ಕೆರೆ ಮತ್ತು ಜಲಾಶಯಗಳದ್ದನ್ನು ಮೀನುಗಾರಿಕೆ ಇಲಾಖೆ ವಿಲೇವಾರಿ ಮಾಡುತ್ತವೆ. ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆ, ಮಿಕ್ಕವು ಟೆಂಡರು ಅಥವಾ ಹರಾಜಿಗೆ. ಗುತ್ತಿಗೆ ಹಿಡಿದವನು ಸಾಲ ಮಾಡಿ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ತಂದು ಬಿಟ್ಟಿರುತ್ತಾನೆ. ಮಳೆ ಕೈಕೊಟ್ಟರೆ ಕೆರೆ ಒಣಗುತ್ತದೆ, ಅತಿಯಾದರೆ ಮೀನು ಕೋಡಿ ಹರಿದು ಹೋಗುತ್ತದೆ. ಇದರ ನಡುವೆ ಪೇಟೆಯಿಂದ ಬಂದವರು ನಾಲ್ಕೈದು ಗಾಳ ಇಳಿಬಿಟ್ಟು ಕುಳಿತರೆ ಅವನು ಸಿಡುಕುವುದರಲ್ಲಿ ಆಶ್ಚರ್ಯವಿಲ್ಲ. ‘ನಮ್ಮ ಕೆರೆ’ ಎನ್ನುವ ಅವನ ಮಾತು ಭೂಮಿಯ ಮಟ್ಟಿಗೆ ತಪ್ಪು, ಮೀನಿನ ಮಟ್ಟಿಗೆ ಸರಿ. ಹಾಗೆಂದು ಅವನ ಹಕ್ಕು ಮೀನಿನಾಚೆ ಹೋಗುವುದಿಲ್ಲ. ದನಕ್ಕೆ ನೀರು ಕುಡಿಸುವವರನ್ನೋ ಏರಿಯ ಮೇಲೆ ನಡೆಯುವವರನ್ನೋ ಅವನು ತಡೆಯುವಂತಿಲ್ಲ, ಮೀನಿಗಾಗಿ ತೂಬು ಮುಚ್ಚುವಂತಿಲ್ಲ.

ಕಳವೋ, ಅಲ್ಲವೋ

ಅನುಮತಿಯಿಲ್ಲದೆ ಮೀನು ಹಿಡಿದರೆ ಅದು ಕಳವಾಗುತ್ತದೆಯೇ ಎಂಬುದು ಒಂದೂಕಾಲು ಶತಮಾನಕ್ಕೂ ಹಳೆಯ ಚರ್ಚೆ. ಕಳವಾಗಬೇಕಾದರೆ ವಸ್ತು ಇನ್ನೊಬ್ಬನ ಸ್ವಾಧೀನದಲ್ಲಿರಬೇಕು. ಸ್ವಚ್ಛಂದವಾಗಿ ಈಜಾಡುವ ಮೀನು ಕಾಡುಪ್ರಾಣಿಯಂತೆ. ಹಿಡಿಯುವವರೆಗೆ ಅದು ಯಾರ ಸ್ವಾಧೀನದಲ್ಲೂ ಇಲ್ಲ. ಆದರೆ ತಪ್ಪಿಸಿಕೊಂಡು ಹೋಗಲು ದಾರಿಯಿಲ್ಲದ, ನಾಲ್ಕೂ ಕಡೆ ಮುಚ್ಚಿದ ಕೊಳದಲ್ಲಿರುವ ಮೀನು ಮಾಲೀಕನು ಬೇಕೆಂದಾಗ ತೆಗೆದುಕೊಳ್ಳಬಹುದಾದದ್ದು. ಅದು ಅವನ ಸ್ವಾಧೀನದಲ್ಲಿದೆ, ಅದನ್ನು ಹಿಡಿದರೆ ಕಳವು ಎಂದು ಬಾಂಬೆ ಹೈಕೋರ್ಟ್ 1886ರಲ್ಲೇ ಹೇಳಿತು. ನೀರು ಬಂದು ಹೋಗುವ ತೆರೆದ ನೀರಾವರಿ ಕೆರೆಯ ಮೀನಿನ ವಿಷಯದಲ್ಲಿ ಮದರಾಸು ಹೈಕೋರ್ಟ್ ತದ್ವಿರುದ್ಧ ನಿಲುವು ತಾಳಿತ್ತು. ಕಟ್ಟೆ, ಕೋಡಿ, ತೂಬುಗಳಿಂದ ಒಂದಕ್ಕೊಂದು ಸರಪಳಿಯಂತೆ ಹೆಣೆದುಕೊಂಡಿರುವ ನಮ್ಮ ಬಯಲುಸೀಮೆಯ ಕೆರೆಗಳಿಗೆ ಹೊಂದುವುದು ಎರಡನೆಯದು. ತೋಟದ ಹೊಂಡಕ್ಕೂ ಮೀನು ಸಾಕಣೆಯ ಕೊಳಕ್ಕೂ ಹೊಂದುವುದು ಮೊದಲನೆಯದು.

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 303ನೇ ಕಲಂ ಕಳವಿನದು. ಕದ್ದ ವಸ್ತುವಿನ ಮೌಲ್ಯ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿ ತಪ್ಪಿತಸ್ಥನಾದವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ. ಗಾಳಕ್ಕೆ ಸಿಕ್ಕ ಮೀನಿನ ಬೆಲೆ ಈ ಮಿತಿಯನ್ನು ಮೀರುವುದು ಅಪರೂಪವೆನ್ನಬೇಕು. ಸಾರ್ವಜನಿಕ ಕೆರೆಯೆಂದು ಪ್ರಾಮಾಣಿಕವಾಗಿ ನಂಬಿ ಹಿಡಿದವನಲ್ಲಿ ಅಪ್ರಾಮಾಣಿಕ ಉದ್ದೇಶವಿಲ್ಲವಾದ್ದರಿಂದ ಕಳವಿನ ಆರೋಪ ನಿಲ್ಲುವುದು ಕಷ್ಟ. ಆದರೆ ಫಲಕ ಓದಿದ ಮೇಲೆ, ಕಾವಲುಗಾರ ಎಚ್ಚರಿಸಿದ ಮೇಲೆ ಅದೇ ನಂಬಿಕೆಯ ನೆಪ ಹೇಳುವುದು ಸುಲಭವಲ್ಲ.

‘ಹಿಡಿದು ಮತ್ತೆ ನೀರಿಗೇ ಬಿಡುತ್ತೇವೆ, ಕಳವು ಹೇಗಾದೀತು’ ಎಂಬುದು ಹವ್ಯಾಸಿಗಳ ಮೆಚ್ಚಿನ ವಾದ. ಶಾಶ್ವತವಾಗಿ ಒಯ್ಯುವ ಉದ್ದೇಶ ಕಳವಿಗೆ ಅಗತ್ಯವಲ್ಲ, ತಾತ್ಕಾಲಿಕವಾಗಿ ತೆಗೆದುಕೊಂಡರೂ ಸಾಕು ಎಂದು ಸುಪ್ರೀಂ ಕೋರ್ಟ್ 1957ರಲ್ಲಿ ಕೆ.ಎನ್. ಮೆಹ್ರಾ ಪ್ರಕರಣದಲ್ಲಿ ಹೇಳಿದೆ. ಅಲ್ಲಿ ತೆಗೆದುಕೊಂಡದ್ದು ಮೀನಲ್ಲ, ವಾಯುಪಡೆಯ ವಿಮಾನ. ತತ್ತ್ವ ಮಾತ್ರ ಒಂದೇ.

ಇನ್ನು ಅತಿಕ್ರಮ ಪ್ರವೇಶ. ನ್ಯಾಯ ಸಂಹಿತೆಯ 329ನೇ ಕಲಮಿನಡಿ ಅಪರಾಧವೆಸಗುವ ಅಥವಾ ಸ್ವಾಧೀನದಲ್ಲಿರುವವನನ್ನು ಬೆದರಿಸುವ, ಅವಮಾನಿಸುವ, ಪೀಡಿಸುವ ಉದ್ದೇಶದಿಂದ ಒಳಹೊಕ್ಕರೆ ಅಥವಾ ಅಂಥ ಉದ್ದೇಶದಿಂದ ಅಲ್ಲಿಯೇ ಉಳಿದರೆ ಮೂರು ತಿಂಗಳವರೆಗೆ ಸೆರೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಾರಿ ತಪ್ಪಿ ತೋಟಕ್ಕೆ ಕಾಲಿಟ್ಟವನು ಅಪರಾಧಿಯಲ್ಲ. ಹೊರಹೋಗೆಂದ ಮೇಲೂ ಜಿದ್ದಿಗೆ ಕುಳಿತವನ ಸ್ಥಿತಿ ಬೇರೆ. ಮಾಲೀಕನಿಗೂ ಮಿತಿಗಳಿವೆ. ಸ್ವತ್ತಿನ ರಕ್ಷಣೆಯ ಹೆಸರಿನಲ್ಲಿ ಅಗತ್ಯಕ್ಕಿಂತ ಹೆಚ್ಚು ಬಲ ಪ್ರಯೋಗಿಸುವಂತಿಲ್ಲ, ಪೊಲೀಸರನ್ನು ಕರೆಯಲು ಸಮಯವಿದ್ದಾಗ ತಾನೇ ದಂಡಿಸುವಂತಿಲ್ಲ. ಗಾಳ ಮುರಿಯುವುದು, ಬೈಕಿನ ಕೀಲಿ ಕಿತ್ತುಕೊಳ್ಳುವುದು, ‘ದಂಡ’ವೆಂದು ಸ್ಥಳದಲ್ಲೇ ಹಣ ವಸೂಲು ಮಾಡುವುದು ಯಾವ ಕಾನೂನಿನಲ್ಲೂ ಇಲ್ಲ.

ಊರಿನವರ ರೂಢಿ

ತಲೆಮಾರುಗಳಿಂದ ಮೀನು ಹಿಡಿಯುತ್ತ ಬಂದ ಊರಿನವರ ಹಕ್ಕು ಹವ್ಯಾಸಿಯದಕ್ಕಿಂತ ಗಟ್ಟಿಯಾಗಿರಬೇಕಲ್ಲವೇ? ಕಾನೂನು ಇಲ್ಲಿ ನಿರೀಕ್ಷೆಗಿಂತ ಬಿಗಿ. ಖಾಸಗಿ ಸ್ವತ್ತಿನಲ್ಲಿ 20 ವರ್ಷ, ಸರ್ಕಾರಿ ಸ್ವತ್ತಿನಲ್ಲಿ 30 ವರ್ಷ ಅಡೆತಡೆಯಿಲ್ಲದೆ ಹಕ್ಕೆಂದು ಅನುಭವಿಸಿದ ವ್ಯಕ್ತಿ 1963ರ ಕಾಲಮಿತಿ ಕಾಯ್ದೆಯ 25ನೇ ಕಲಮಿನಡಿ ಅದನ್ನು ಅನುಭೋಗದ ಹಕ್ಕಾಗಿ ಕೇಳಬಹುದು. ಇನ್ನೊಬ್ಬನ ಭೂಮಿಯಲ್ಲಿರುವುದನ್ನು ತೆಗೆದು ತನ್ನ ಲಾಭಕ್ಕೆ ಬಳಸುವ ಹಕ್ಕನ್ನೂ ಆ ಕಾಯ್ದೆ ಇದರಲ್ಲಿ ಸೇರಿಸಿದೆ. ಆದರೆ ಊರವರೆಲ್ಲರಿಗೂ ಸೇರಿದ, ಎಷ್ಟು ಜನ, ಎಷ್ಟು ಮೀನು ಎಂಬ ಮಿತಿಯೇ ಇಲ್ಲದ ಹಕ್ಕನ್ನು ನ್ಯಾಯಾಲಯಗಳು ಒಪ್ಪಿಲ್ಲ. ಜಮೀನ್ದಾರನ ಜೌಗುಕೆರೆಗಳಲ್ಲಿ ಮೀನು ಹಿಡಿಯುವ ರೂಢಿ ತಮಗಿದೆ ಎಂದ ಗ್ರಾಮಸ್ಥರ ವಾದವನ್ನು ಕಲ್ಕತ್ತಾ ಹೈಕೋರ್ಟ್ 1882ರಲ್ಲಿ ತಳ್ಳಿಹಾಕಿತು. ಮಾಲೀಕನಿಗೆ ಒಂದು ಮೀನನ್ನೂ ಉಳಿಸದಂಥ ರೂಢಿ ಸಮಂಜಸವಲ್ಲ ಎಂಬುದು ಅದರ ತರ್ಕ. ಜಮೀನ್ದಾರಿ ಹೋದರೂ ಆ ತರ್ಕ ಉಳಿದುಕೊಂಡಿರುವುದು ವಿಪರ್ಯಾಸ.

ಒತ್ತುವರಿದಾರ ತಡೆದಾಗ

ನಗರದ ಓದುಗರಿಗೆ ಹೆಚ್ಚು ಹತ್ತಿರವಾದ ಸಂಗತಿ ಇದು. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳ ಕೆರೆಗಳ ಸ್ಥಿತಿಯನ್ನು ಪರಿಶೀಲಿಸಿದ ಕೆ.ಬಿ. ಕೋಳಿವಾಡ ಅಧ್ಯಕ್ಷತೆಯ ಸದನ ಸಮಿತಿ 2017ರಲ್ಲಿ ಸಲ್ಲಿಸಿದ ವರದಿ 10 ಸಾವಿರ ಎಕರೆಗೂ ಮೀರಿದ ಒತ್ತುವರಿಯನ್ನು ಗುರುತಿಸಿತ್ತು. ‘ಖಾಸಗಿ ಆಸ್ತಿ’ ಎಂಬ ಫಲಕಗಳಲ್ಲಿ ಕೆಲವಾದರೂ ಇಂಥ ಎಕರೆಗಳ ಮೇಲೆ ನಿಂತಿವೆ ಎಂದು ಶಂಕಿಸಲು ಇದಿಷ್ಟು ಸಾಕು.

ಬೇಲಿ ಹಾಕಿದ್ದೆಲ್ಲ ಒತ್ತುವರಿಯೂ ಅಲ್ಲ. 2002ರಲ್ಲಿ ಸ್ಥಾಪನೆಯಾದ ಕೆರೆ ಅಭಿವೃದ್ಧಿ ಪ್ರಾಧಿಕಾರ ಆ ದಶಕದ ಮಧ್ಯಭಾಗದಲ್ಲಿ ಹೆಬ್ಬಾಳ, ನಾಗವಾರ ಮೊದಲಾದ ಬೆಂಗಳೂರಿನ ಕೆಲವು ಕೆರೆಗಳನ್ನು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ನೀಡಿತು. ಅಲ್ಲಿಯವರೆಗೆ ಬಲೆ ಬೀಸುತ್ತಿದ್ದವರು, ದನ ಮೇಯಿಸುತ್ತಿದ್ದವರು ಪ್ರವೇಶಕ್ಕೆ ಚೀಟಿ ಕೊಳ್ಳಬೇಕಾದ ಪರಿಸ್ಥಿತಿ ಒದಗಿತು. ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2008ರಲ್ಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿಯ ವರದಿ, 2012ರ ಹೈಕೋರ್ಟ್ ಆದೇಶಗಳು, ಮುಂದೆ 2014ರ ಕೆರೆ ಸಂರಕ್ಷಣಾ ಕಾಯ್ದೆಯವರೆಗಿನ ಬೆಳವಣಿಗೆಗೆ ಈ ವಿವಾದದ ಹಿನ್ನೆಲೆಯಿದೆ.

ದೇಶದ ಮಟ್ಟದಲ್ಲಿ 2011ರ ಜನವರಿಯ ಜಗಪಾಲ್ ಸಿಂಗ್ ತೀರ್ಪು ಗಮನಾರ್ಹ. ಪಂಜಾಬಿನ ಪಟಿಯಾಲಾ ಜಿಲ್ಲೆಯ ಹಳ್ಳಿಯೊಂದರ ಕೊಳವನ್ನು ಮುಚ್ಚಿ ಮನೆ ಕಟ್ಟಿದವರಿಂದ ಹಣ ಪಡೆದು ಸಕ್ರಮಗೊಳಿಸುವಂತೆ ಅಲ್ಲಿನ ಜಿಲ್ಲಾಧಿಕಾರಿ ಸೂಚಿಸಿದ್ದರು. ಅದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹಳ್ಳಿಯ ಸಾಮುದಾಯಿಕ ಭೂಮಿಯ ಒತ್ತುವರಿಗಳನ್ನು ತೆರವುಗೊಳಿಸುವ ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು. ಎಷ್ಟು ವರ್ಷ ಅನುಭವಿಸಿದ್ದರೂ, ಎಷ್ಟು ಖರ್ಚು ಮಾಡಿ ಕಟ್ಟಿದ್ದರೂ ಅದು ಸಮರ್ಥನೆಯಾಗದು ಎಂದಿತು.

ಇದರ ಪ್ರಯೋಜನ ಗಾಳದವನಿಗೆ ನೇರವಾಗಿ ದಕ್ಕುವುದಿಲ್ಲ. ಒತ್ತುವರಿ ತೆರವಾದ ಕೆರೆ ಮರಳುವುದು ಸರ್ಕಾರಕ್ಕೆ. ಅಲ್ಲಿ ಮೀನು ಹಿಡಿಯಲು ಮತ್ತೆ ಪಂಚಾಯಿತಿಯನ್ನೋ ಇಲಾಖೆಯನ್ನೋ ಗುತ್ತಿಗೆದಾರನನ್ನೋ ಕೇಳಬೇಕು. ಒಳನಾಡು ಮೀನುಗಾರಿಕೆಗೆ ಸಂಬಂಧಿಸಿದ 1996ರ ರಾಜ್ಯ ಕಾಯ್ದೆ ಪರವಾನಗಿ ಮತ್ತು ನಿಯಂತ್ರಣದ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗಿನ ನೀರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಸಿಡಿಮದ್ದು ಹಾಕಿ ಅಥವಾ ವಿಷ ಬೆರೆಸಿ ಮೀನು ಹಿಡಿಯುವುದಂತೂ ಸ್ವಂತ ಕೆರೆಯಲ್ಲೂ ಅಪರಾಧ.

ಹೋಗುವ ಮುನ್ನ

ಸಂದೇಹವಿರುವ ಕೆರೆಯ ಸ್ಥಿತಿಯನ್ನು ಮನೆಯಲ್ಲಿ ಕುಳಿತೇ ಬಹುಮಟ್ಟಿಗೆ ಅರಿಯಬಹುದು. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ಆ ನಂಬರಿನ ಪಹಣಿಯನ್ನು ಭೂಮಿ ತಂತ್ರಾಂಶದ ತಾಣದಲ್ಲಿ ತೆರೆದು ಮಾಲೀಕರ ಹೆಸರನ್ನೂ ಖರಾಬಿನ ಅಂಕಣವನ್ನೂ ನೋಡಬೇಕು. ‘ಸರ್ಕಾರಿ ಕೆರೆ’ ಎಂದಿದ್ದರೆ ಭೂಮಿಯ ಪ್ರಶ್ನೆ ಬಹುತೇಕ ಮುಗಿದಂತೆ. ಖಾಸಗಿ ಹೆಸರಿದ್ದು ಖರಾಬಿನ ವಿಸ್ತೀರ್ಣ ದೊಡ್ಡದಾಗಿದ್ದರೆ ಅದು ‘ಎ’ಯೋ ‘ಬಿ’ಯೋ ಎಂದು ಸರ್ವೆ ದಾಖಲೆಯಲ್ಲಿ ಪರಿಶೀಲಿಸಬೇಕು. ಹಳೆಯ ಗ್ರಾಮ ನಕಾಶೆಯಲ್ಲಿ ಏರಿ, ತೂಬು, ಹಳ್ಳದ ಗುರುತುಗಳಿದ್ದರೆ ಅವು ಎಷ್ಟೋ ಸಲ ಪಹಣಿಗಿಂತ ಹೆಚ್ಚು ಮಾತಾಡುತ್ತವೆ. ಮೀನಿನ ಗುತ್ತಿಗೆ ಯಾರದೆಂಬುದು ಪಹಣಿಯಲ್ಲಿ ಸಿಗುವುದಿಲ್ಲ. ಅದಕ್ಕೆ ಗ್ರಾಮ ಪಂಚಾಯಿತಿ ಅಥವಾ ತಾಲ್ಲೂಕಿನ ಮೀನುಗಾರಿಕೆ ಕಚೇರಿಯನ್ನು ಕೇಳಬೇಕು. ಮಾಹಿತಿ ಹಕ್ಕಿನ ಅರ್ಜಿಗೂ ಅವಕಾಶವಿದೆ.

ದಾಖಲೆಯಲ್ಲಿ ಸರ್ಕಾರಿ ಕೆರೆಯಾಗಿದ್ದು ಸ್ಥಳದಲ್ಲಿ ಖಾಸಗಿ ಬೇಲಿ ಕಂಡುಬಂದರೆ ತಹಸೀಲ್ದಾರರಿಗೆ ಲಿಖಿತ ದೂರು ಕೊಡಬಹುದು. ಸರ್ಕಾರಿ ಭೂಮಿಯ ಒತ್ತುವರಿ ಭೂಕಂದಾಯ ಕಾಯ್ದೆಯ 192-ಎ ಕಲಮಿನಡಿ ಶಿಕ್ಷಾರ್ಹ ಅಪರಾಧ. 2011ರ ಭೂಕಬಳಿಕೆ ನಿಷೇಧ ಕಾಯ್ದೆಯಡಿ ಇಂಥ ಪ್ರಕರಣಗಳಿಗೆಂದೇ ರಚಿಸಿದ ವಿಶೇಷ ನ್ಯಾಯಾಲಯ 2016ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ದೂರಿನ ಜೊತೆ ಪಹಣಿ, ನಕಾಶೆಯ ಪ್ರತಿ ಹಾಗೂ ಬೇಲಿಯ ಛಾಯಾಚಿತ್ರಗಳನ್ನು ಲಗತ್ತಿಸಿ, ಕಚೇರಿಯಿಂದ ಸ್ವೀಕೃತಿ ಪಡೆಯುವುದು ಅಗತ್ಯ.